ಚಪ್ಪಡಿ ಕಾಲಿನ ಅಕ್ಷರಗಳು

ಹಳೆಯ ಕೌಬಾಯ್ ಸಿನಿಮಾ ಯಾವುದಾದರೂ ನೆನಪಿಸಿಕೊಳ್ಳಿ. ಮರದ ಕಂಬಕ್ಕೆ ಜಡಿದ ಕಾಗದ, ಮೇಲೆ ದಪ್ಪಗೆ ‘ವಾಂಟೆಡ್’, ಕೆಳಗೆ ಒಂದು ಮೀಸೆ ಮುಖ. ಮುಖ ಮರೆತಿರುತ್ತೇವೆ, ಅಕ್ಷರ ಮರೆತಿರುವುದಿಲ್ಲ. ಕಾಲಡಿಗೆ ಚಪ್ಪಡಿ ಕಲ್ಲು ಕೊಟ್ಟು ನಿಲ್ಲಿಸಿದಂತಿರುವ ಈ ಜಾತಿಗೆ ಸ್ಲ್ಯಾಬ್ ಸೆರಿಫ್ ಎಂದು ಹೆಸರು. ಇಂಗ್ಲಿಷ್ ಅಕ್ಷರದ ಗೆರೆ ಮುಗಿಯುವಲ್ಲಿ ಆಚೀಚೆ ಹೊರಡುವ ಚಾಚೇ ಸೆರಿಫ್. ಪುಸ್ತಕದ ಅಕ್ಷರಗಳಲ್ಲಿ ಅದು ಉಗುರಿನ ತುದಿಯಷ್ಟು ತೆಳು. ಇಲ್ಲಿ ಅಕ್ಷರದ ಕಂಬದಷ್ಟೇ, ಅಂದರೆ ನಿಂತ ಗೆರೆಯಷ್ಟೇ, ದಪ್ಪ.

ಇದು ಓದುವುದಕ್ಕಲ್ಲ, ಕೂಗುವುದಕ್ಕೆ ಹುಟ್ಟಿದ ಅಕ್ಷರ. ಹತ್ತೊಂಬತ್ತನೆಯ ಶತಮಾನದ ಆರಂಭದ ಲಂಡನ್ನಿನ ಗೋಡೆಗಳ ಮೇಲೆ ಲಾಟರಿ, ನಾಟಕ, ಹರಾಜುಗಳ ಭಿತ್ತಿಪತ್ರಗಳು ಒಂದರ ಮೇಲೊಂದು ಬೀಳುತ್ತಿದ್ದವು. ವಿನ್ಸೆಂಟ್ ಫಿಗಿನ್ಸ್ ಎಂಬ ಅಚ್ಚುಮೊಳೆ ಎರಕದವನು 1817ರ ಹೊತ್ತಿಗೆ ಇಂಥ ಅಕ್ಷರಗಳನ್ನು ‘ಆಂಟಿಕ್’ ಎಂದು ಮಾರುತ್ತಿದ್ದ. ನೆಪೋಲಿಯನ್ನನ ದಂಡಯಾತ್ರೆಯ ನಂತರ ಯುರೋಪಿಗೆ ಈಜಿಪ್ಟಿನ ಹುಚ್ಚು ಹಿಡಿದಿತ್ತು. ಹಾಗಾಗಿ ‘ಈಜಿಪ್ಷಿಯನ್’ ಎಂಬ ಹೆಸರೂ ಅಂಟಿತು. ಅಮೆರಿಕದಲ್ಲಿ ಡೇರಿಯಸ್ ವೆಲ್ಸ್ 1827ರಲ್ಲಿ ಮರದ ಮೊಳೆಗಳನ್ನು ಯಂತ್ರದಿಂದ ಕೊರೆಯಲು ಶುರುಮಾಡಿದ ಮೇಲೆ ಅಕ್ಷರದ ಗಾತ್ರಕ್ಕೆ ಕಡಿವಾಣವೇ ಉಳಿಯಲಿಲ್ಲ. ಗೇಣುದ್ದದ ಅಕ್ಷರವನ್ನು ಸೀಸದಲ್ಲಿ ಎರೆದರೆ ಎತ್ತುವವರು ಯಾರು?

ನೋಡಲು ಕಲಿಯುವವರು ಮೊದಲು ಸಂದಿಗೆ ಕಣ್ಣು ಕೊಡಬೇಕು. ಕಂಬ ಚಪ್ಪಡಿಯನ್ನು ಸೇರುವ ಜಾಗ. ರಾಬರ್ಟ್ ಬೆಸ್ಲಿಯ ಅಚ್ಚುಮೊಳೆ ಕಾರ್ಖಾನೆಯಿಂದ 1845ರಲ್ಲಿ ಹೊರಬಂದ ಕ್ಲಾರೆಂಡನ್‌ನಲ್ಲಿ ಕಂಬ ಬುಡಕ್ಕೆ ಬರುತ್ತ ಮರದ ಬೊಡ್ಡೆಯ ಹಾಗೆ ಅಗಲವಾಗಿ ಚಪ್ಪಡಿಯೊಳಗೆ ಕರಗುತ್ತದೆ. 1934ರ ರಾಕ್‌ವೆಲ್‌ನಲ್ಲಿ ಅಂಥ ಮುಲಾಜಿಲ್ಲ. ಗಾರೆಯವನು ಮಟ್ಟಗೋಲು ಹಿಡಿದು ಕಟ್ಟಿದಂತೆ ನೇರ ಮೂಲೆ. ಅದರ ದೊಡ್ಡ ‘ಎ’ ನೋಡಿ, ನೆತ್ತಿಯ ಮೇಲೂ ಒಂದು ಹಲಗೆ ಹೊತ್ತಿದೆ. ಕ್ಲಾರೆಂಡನ್ನಿನ ದೊಡ್ಡ ‘ಆರ್’ ಬೇರೆಯೇ ಸ್ವಭಾವದ್ದು. ಅಷ್ಟು ಭಾರದ ಮೈ ಇಟ್ಟುಕೊಂಡು ಬಲಗಾಲಿನ ತುದಿಯನ್ನು ಮೊಜಡಿಯಂತೆ ಮೇಲಕ್ಕೆ ಸುರುಳಿ ಸುತ್ತುತ್ತದೆ. ನನಗೆ ಇವೆರಡರಲ್ಲಿ ಕ್ಲಾರೆಂಡನ್ನೇ ಇಷ್ಟ. ರಾಕ್‌ವೆಲ್ ಬಲಶಾಲಿ, ಆದರೆ ನಗುವುದಿಲ್ಲ.

ವಾಂಟೆಡ್ ಪೋಸ್ಟರಿನ ‘ಫ್ರೆಂಚ್ ಕ್ಲಾರೆಂಡನ್’ ಕ್ಲಾರೆಂಡನ್ನಿನ ತಲೆಕೆಳಗು ಸಂತತಿ. ಅಲ್ಲಿ ಚಪ್ಪಡಿ ಕಂಬಕ್ಕಿಂತ ದಪ್ಪ. ಸರ್ಕಸ್ಸಿಗೆ ಚೆಂದ, ಮನೆಗಲ್ಲ.

ಆಮೇಲೆ ಕಪ್ಪನ್ನು ಬಿಟ್ಟು ಬಿಳಿಯನ್ನು ನೋಡಿ. ದಪ್ಪಕ್ಷರದ ಜೀವ ಇರುವುದು ಅದರ ಹೊಟ್ಟೆಯೊಳಗೆ ಉಳಿಸಿದ ಖಾಲಿ ಜಾಗದಲ್ಲಿ. ಐಬಿಎಂ ಲಾಂಛನದ ‘ಬಿ’ ಒಳಗಿನ ಎರಡು ಕಿಂಡಿಗಳು ಚೌಕಾಕಾರ. ಪಾಲ್ ರ‍್ಯಾಂಡ್ 1956ರಲ್ಲಿ ಅದನ್ನು ರೂಪಿಸಿದ್ದು ಜರ್ಮನಿಯ ಗಿಯೋರ್ಗ್ ಟ್ರುಂಪ್‌ನ ‘ಸಿಟಿ’ ಅಕ್ಷರದ ಆಧಾರದ ಮೇಲೆ. ಇಂದಿನ ಎಂಟು ಪಟ್ಟೆಗಳು ಬಂದದ್ದು 1972ರಲ್ಲಿ. ಪಟ್ಟೆಯಾಗಿ ಹೋಳು ಮಾಡಿದರೂ ಅಕ್ಷರ ಕುಸಿಯಲಿಲ್ಲ, ಚಪ್ಪಡಿಗಳು ಅಷ್ಟು ಗಟ್ಟಿ.

ಬಿಳಿ ಕೈಕೊಟ್ಟರೆ ಏನಾಗುತ್ತದೆ ಎಂಬುದು ನನಗೆ ಕನ್ನಡದಲ್ಲೇ ಗೊತ್ತಾಯಿತು. ಸಂಘವೊಂದರ ಕರಪತ್ರಕ್ಕೆ ‘ಧನಸಹಾಯ’ ಎಂದು ಇದ್ದುದರಲ್ಲೇ ದಪ್ಪಕ್ಷರ ಆರಿಸಿ ಕೊಟ್ಟಿದ್ದೆ. ಅಚ್ಚಾಗಿ ಬಂದಾಗ ‘ಧ’ದ ಸೀಳಿನಲ್ಲಿ ಮಸಿ ತುಂಬಿ ‘ದನಸಹಾಯ’ ಆಗಿತ್ತು. ಇನ್ನೊಂದು ಮಾತು: ನಮ್ಮ ತಲೆಕಟ್ಟನ್ನು ಸೆರಿಫ್ ಎಂದು ತಿಳಿಯಬೇಡಿ. ಸೆರಿಫ್ ಕತ್ತರಿಸಿದರೂ ಇಂಗ್ಲಿಷ್ ಅಕ್ಷರ ಅದೇ ಅಕ್ಷರ. ತಲೆಕಟ್ಟು ಹೋಗಿ ಅಲ್ಲಿ ಗುಡಿಸು ಬಂದರೆ ‘ಕ’ ಹೋಗಿ ‘ಕಿ’ ಆಗುತ್ತದೆ.

ಚಪ್ಪಡಿಗೆ ಶಕ್ತಿಪ್ರದರ್ಶನವಲ್ಲದ ಕೆಲಸವೂ ಇದೆ. ಟೈಪ್‌ರೈಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆ. ‘ಎಂ’ ಉಸಿರುಗಟ್ಟಿ ಕೂತರೆ, ‘ಐ’ ಖಾಲಿ ಬಂಗಲೆಯಲ್ಲಿ ಒಂಟಿಯಾಗಿ ನಿಂತಿರುತ್ತದೆ. ಹೋವರ್ಡ್ ಕೆಟ್ಲರ್ 1950ರ ದಶಕದಲ್ಲಿ ರೂಪಿಸಿದ ಕೊರಿಯರ್‌ನಲ್ಲಿ ಆ ‘ಐ’ಗೆ ಎರಡೂ ಬದಿಗೆ ಉದ್ದನೆಯ ಕಾಲು ಚಾಚಿಸಿ ಮನೆ ತುಂಬಿಸಿದ್ದಾರೆ. ಹಾಲಿವುಡ್ಡಿನ ಚಿತ್ರಕಥೆಗಳು ಇವತ್ತಿಗೂ ಆ ಅಕ್ಷರ ಬಿಟ್ಟಿಲ್ಲ. ಕ್ಲಾರೆಂಡನ್ ಕೂಡ ಹುಟ್ಟಿದ್ದು ಭಿತ್ತಿಪತ್ರಕ್ಕಲ್ಲ. ಸಾದಾ ಅಕ್ಷರಗಳ ನಡುವೆ ಒಂದು ಪದವನ್ನು, ನಿಘಂಟಿನ ಮುಖ್ಯಪದವನ್ನು, ಎತ್ತಿ ತೋರಿಸಲೆಂದು. ಬೆಸ್ಲಿ ಅದನ್ನು ಕಾನೂನಿನಡಿ ನೋಂದಾಯಿಸಿದ್ದ, ರಕ್ಷಣೆ ಸಿಕ್ಕಿದ್ದು ಮೂರೇ ವರ್ಷ. ಅವಧಿ ಮುಗಿದದ್ದೇ ತಡ, ಎಲ್ಲರೂ ನಕಲು ಹೊಡೆದರು.

ನೀವು ಬಳಸುವುದಾದರೆ ಶೀರ್ಷಿಕೆಗೆ, ಫಲಕಕ್ಕೆ, ಎರಡು ಮೂರು ಪದಕ್ಕೆ ಬಳಸಿ. ಪುಟಗಟ್ಟಲೆ ಕೂಡಿಸಿದರೆ ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಬೆಲೆ ಕೂಗಿದಂತಾಗುತ್ತದೆ. ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಿ.

ಕೊನೆಗೊಂದು ಆಟ. ರಾಕ್‌ವೆಲ್ ಬೋಲ್ಡ್‌ನ ದೊಡ್ಡ ‘ಎಚ್’ ಒಂದನ್ನು ದೊಡ್ಡದಾಗಿ ಮುದ್ರಿಸಿಕೊಳ್ಳಿ. ಕಂಬ, ಅಡ್ಡಪಟ್ಟಿ ಎಲ್ಲ ಒಂದೇ ದಪ್ಪ ಎನಿಸುತ್ತದೆ. ಈಗ ಕಾಗದವನ್ನು ಕಾಲು ಸುತ್ತು ತಿರುಗಿಸಿ. ಅಡ್ಡಪಟ್ಟಿ ಕಂಬಕ್ಕಿಂತ ಬಡಕಲು ಎಂಬುದು ಕಣ್ಣಿಗೆ ಹೊಡೆಯುತ್ತದೆ. ನಮ್ಮ ಕಣ್ಣಿಗೆ ಅಡ್ಡಗೆರೆ ಇದ್ದುದಕ್ಕಿಂತ ದಪ್ಪಗೆ ಕಾಣುವುದರಿಂದ ಅಕ್ಷರ ಬರೆದವರು ಕದ್ದು ಒಂದು ಕೂದಲೆಳೆ ಕೆತ್ತಿರುತ್ತಾರೆ. ಅದೇ ರೀತಿ ದೊಡ್ಡ ‘ಎಸ್’ ಅನ್ನು ತಲೆಕೆಳಗು ಮಾಡಿ ನೋಡಿ, ತಲೆಭಾರವಾಗಿ ಈಗಲೋ ಆಗಲೋ ಬೀಳುವಂತಿರುತ್ತದೆ.