ತಲೆಗೆ ತಂತಿ, ಕೈಗೆ ಮಾತ್ರೆ

ತಲೆಗೆ ತಂತಿ ಅಂಟಿಸಿ, ಮಿದುಳಿನ ಅಲೆಗಳನ್ನು ಕಂಪ್ಯೂಟರಿಗೆ ಕೊಟ್ಟು, ಈ ರೋಗಿಗೆ ಯಾವ ಮಾತ್ರೆ ಒಗ್ಗುತ್ತೆ ಅಂತ ಕೇಳೋದು. ಐಡಿಯಾ ಏನೋ ಚೆನ್ನಾಗಿದೆ. ಯಾಕಂದ್ರೆ ಸ್ಕಿಜೋಫ್ರೇನಿಯಾಕ್ಕೆ ಔಷಧ ಆರಿಸೋದು ಇವತ್ತಿಗೂ ಹೆಚ್ಚುಕಮ್ಮಿ 'ಕೊಟ್ಟು ನೋಡೋಣ' ಅನ್ನೋ ಲೆಕ್ಕವೇ. ಒಂದಕ್ಕೆ ನಾಲ್ಕಾರು ವಾರ, ಆಗದಿದ್ದರೆ ಇನ್ನೊಂದು. 2005ರಲ್ಲಿ ಪ್ರಕಟವಾದ ಅಮೆರಿಕದ ಕೇಟಿ ಅಧ್ಯಯನದಲ್ಲಿ 1,400ಕ್ಕೂ ಹೆಚ್ಚು ರೋಗಿಗಳಿದ್ದರು. 18 ತಿಂಗಳೊಳಗೆ ಶೇ. 74ರಷ್ಟು ಜನ ಮೊದಲು ಕೊಟ್ಟ ಮಾತ್ರೆಯನ್ನು ಬಿಟ್ಟಿದ್ದರು.

ಕೋರಮಂಡಲ್‌ನಂಥ ಊರಿಂದ ನೋಡಿದರೆ ಈ ಆಸೆ ಇನ್ನೂ ಚೆನ್ನಾಗಿ ಅರ್ಥ ಆಗುತ್ತೆ. 2001ರಲ್ಲಿ ಕೆಜಿಎಫ್ ಗಣಿ ಮುಚ್ಚಿದ ಮೇಲೆ ಅಲ್ಲಿನ ಎಷ್ಟೋ ಜನರ ದುಡಿಮೆ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗೋ ರೈಲಿಗೆ ಕಟ್ಟಿಬಿದ್ದಿದೆ. ನಿಮ್ಹಾನ್ಸ್‌ಗೂ ಅದೇ ದಾರಿ, ಸುಮಾರು 100 ಕಿಲೋಮೀಟರ್. ಮಗನನ್ನು ಕರ್ಕೊಂಡು ಹೋದ ತಾಯಿಗೆ ಅವತ್ತಿನ ಕೂಲಿ ಇಲ್ಲ. 'ಮಾತ್ರೆ ಬದಲಾಯಿಸಿ ನೋಡೋಣ' ಅಂದ್ರೆ ಮತ್ತೊಂದು ಟಿಕೆಟ್, ಮತ್ತೊಂದು ದಿನ. ಒಂದೇ ಟೆಸ್ಟಿನಲ್ಲಿ ಸರಿಯಾದ ಮಾತ್ರೆ ಸಿಕ್ಕರೆ ಯಾರು ಬೇಡ ಅಂತಾರೆ?

ಆದರೆ ಟೆಸ್ಟ್ ಮಾಡೋ ರೀತಿ ಸ್ವಲ್ಪ ನೋಡಿ. ರೋಗಿಯ ಇಇಜಿ ಗೆರೆಗಳನ್ನು ಹಳೆಯ ರೋಗಿಗಳ ಗೆರೆಗಳ ಜೊತೆ ಹೋಲಿಸಿ, ಅವರಿಗೆ ಕೆಲಸ ಮಾಡಿದ್ದನ್ನೇ ಇವರಿಗೂ ಸೂಚಿಸೋದು. ತೊಡಕು ಏನಂದ್ರೆ, ಮಾತ್ರೆಯೇ ಗೆರೆಗಳನ್ನು ಬದಲಿಸುತ್ತೆ. ಕ್ಲೋಜಪಿನ್ ತಗೊಂಡರೆ ಅಲೆಗಳು ನಿಧಾನವಾಗುತ್ತವೆ. ಅದಕ್ಕೇ ಇಂಥ ಕೆಲವು ಪದ್ಧತಿಗಳಲ್ಲಿ ಮೊದಲು ಔಷಧ ನಿಲ್ಲಿಸಿ ಬನ್ನಿ ಅಂತಾರೆ. ಸೈಕೋಸಿಸ್ ಇರೋರಿಗೆ ಔಷಧ ನಿಲ್ಲಿಸೋದು ಅಂದ್ರೆ ಕಾಯಿಲೆಯನ್ನ ವಾಪಸ್ ಕರೆದ ಹಾಗೆ. ಟೆಸ್ಟಿನ ಕರಪತ್ರದಲ್ಲಿ ಈ ಸಾಲು ಎಷ್ಟು ಸಣ್ಣಕ್ಷರದಲ್ಲಿದೆ ಅಂತ ಮೊದಲು ನೋಡಬೇಕು. (ಅಂದಹಾಗೆ 'ಬ್ರೈನ್ ಮ್ಯಾಪಿಂಗ್' ಅನ್ನೋ ಪದದ ಮೋಡಿ ನಮಗೆ ಹೊಸದಲ್ಲ. ಪೊಲೀಸರು ಅದನ್ನ ಬಲವಂತವಾಗಿ ಮಾಡಿಸೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಕೇಸಿನಲ್ಲೇ, 2010ರಲ್ಲಿ.)

ಪೆಟ್ ಸ್ಕ್ಯಾನ್ ಕಥೆ ಬೇರೆ, ಅಲ್ಲಿ ವಿಜ್ಞಾನ ಗಟ್ಟಿ. ಮಾತ್ರೆ ಡೋಪಮಿನ್ ರಿಸೆಪ್ಟರ್‌ಗಳನ್ನು ಎಷ್ಟು ತಡೆದಿದೆ ಅಂತ ಅದು ತೋರಿಸುತ್ತೆ. ತಡೆದೂ ಗುಣ ಕಾಣದವರಿದ್ದಾರೆ ಅನ್ನೋದೂ ಅದರಿಂದಲೇ ಗೊತ್ತಾಗಿದ್ದು. ಆದರೆ ಗುಂಪಿನ ಸರಾಸರಿ ಬೇರೆ, ಎದುರು ಕೂತ ಮಗನಿಗೆ ಚೀಟಿ ಬರೆಯೋದೇ ಬೇರೆ.

ನನ್ನ ತಕರಾರು ಇಷ್ಟೇ. ಎರಡು ಮಾತ್ರೆ ಸೋತ ಮೇಲೆ ಏನು ಕೊಡಬೇಕು ಅನ್ನೋದಕ್ಕೆ ಉತ್ತರ 1988ರಿಂದ ಇದೆ. ಬೇರೆ ಔಷಧಕ್ಕೆ ಬಗ್ಗದವರಲ್ಲಿ ಕ್ಲೋಜಪಿನ್‌ನಿಂದ ಶೇ. 30 ಜನ ಸುಧಾರಿಸಿದರು, ಹೋಲಿಕೆಗೆ ಕೊಟ್ಟ ಕ್ಲೋರ್‌ಪ್ರೋಮಜಿನ್‌ನಿಂದ ಶೇ. 4. ಬಿಳಿ ರಕ್ತಕಣ ಕುಸಿಯೋ ಅಪಾಯ ಇರೋದರಿಂದ ಮೊದಲ 18 ವಾರ, ವಾರಕ್ಕೊಂದು ರಕ್ತಪರೀಕ್ಷೆ. ಮಿದುಳು ನೋಡೋ ಮಷೀನ್ ಬೇಕಿಲ್ಲ, ಮಾಮೂಲಿ ಲ್ಯಾಬ್ ಸಾಕು. ಆ ರಿಪೋರ್ಟ್ ನೋಡಿ 'ಮುಂದುವರಿಸಿ' ಅನ್ನೋ ಡಾಕ್ಟರ್ ಕೆಜಿಎಫ್‌ನಲ್ಲೇ ಸಿಕ್ಕರೆ, ಆ ತಾಯಿಗೆ 18 ದಿನದ ಕೂಲಿ ಉಳಿಯುತ್ತೆ.