ಪರದೆಯ ಪಕ್ಕದಲ್ಲಿ ಕೂತವಳು

ಶಿಕ್ಷಣದಲ್ಲಿ ತಂತ್ರಜ್ಞಾನ ಎಂದೊಡನೆ ಈಗ ಎಲ್ಲರ ಕಣ್ಣ ಮುಂದೆಯೂ ಒಂದು ಪರದೆ ಬಂದು ನಿಲ್ಲುತ್ತದೆ. ಅದು ಮೊಬೈಲಿನದಿರಬಹುದು, ಕಾನ್ವೆಂಟುಗಳು ತಮ್ಮ ಬ್ಯಾನರಿನಲ್ಲಿ ದಪ್ಪಕ್ಷರದಲ್ಲಿ ಹಾಕಿಕೊಳ್ಳುವ 'ಸ್ಮಾರ್ಟ್ ಕ್ಲಾಸ್'ನದಿರಬಹುದು. ಆದರೆ ಪಾಠವನ್ನು ಹೀಗೆ ಹೆಣೆದರೆ ಮಗುವಿನ ತಲೆಗೆ ಹತ್ತುತ್ತದೆ, ಹಾಗೆ ಹೆಣೆದರೆ ಹತ್ತುವುದಿಲ್ಲ ಎಂದು ಕೂತು ಯೋಚಿಸುವುದೂ ಒಂದು ತಂತ್ರಜ್ಞಾನವೇ ಅಲ್ಲವೇ? ಅದಕ್ಕೆ ಕರೆಂಟು ಬೇಡ, ಚಾರ್ಜರೂ ಬೇಡ.

ನಾವೆಲ್ಲ ಕಲಿತದ್ದು ಅ ಆ ಇ ಈ ಕ್ರಮದಲ್ಲಿ. ಋ ತಿದ್ದಿ ತಿದ್ದಿ ಬೆರಳು ನೋಯುತ್ತಿತ್ತು. ಐ ಔ ದಾಟಿ, ಕ ಖ ಗ ಘ ದಾಟಿ, ಳ ಮುಟ್ಟುವ ತನಕ ಒಂದು ಪದ ಓದಿದೆವೆಂಬ ಸುಖ ಇರಲಿಲ್ಲ. ಸರ್ಕಾರಿ ಶಾಲೆಯ ನಲಿ-ಕಲಿ ತರಗತಿಯಲ್ಲಿ ಮಕ್ಕಳು ಮೊದಲು ಕಲಿಯುವುದು ರ, ಗ, ಸ, ದ, ಅ. ಇದೆಂಥ ಅಡ್ಡಾದಿಡ್ಡಿ ಎಂದು ಹುಬ್ಬೇರಿಸಬೇಡಿ. ಈ ಐದೇ ಅಕ್ಷರದಲ್ಲಿ ಮಗು ಸರ, ರಸ, ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ. ಗದಗ ಎಂಬ ಒಂದು ಊರನ್ನೇ ಓದುತ್ತದೆ! ಬರೆಯಲು ಸುಲಭವಾದ, ಒಂದಕ್ಕೊಂದು ಕೂಡಿ ಪದವಾಗಬಲ್ಲ ಅಕ್ಷರಗಳನ್ನು ಯಾರೋ ಪುಣ್ಯಾತ್ಮರು ಹೆಕ್ಕಿ ಮುಂದಿಟ್ಟಿದ್ದಾರೆ. ಇದಕ್ಕಿಂತ ಜಾಣತನದ ಹೊಸ ಸಾಧನವನ್ನು ನಾನು ಯಾವ ಪರದೆಯ ಮೇಲೂ ಕಂಡಿಲ್ಲ.

ನಲಿ-ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಅದನ್ನು ನಮ್ಮ ಮಕ್ಕಳಿಗೆ ಒಗ್ಗುವಂತೆ ಮಾಡಿಕೊಂಡರು. ಪುಸ್ತಕದ ಬದಲು ಚಿತ್ರವಿದ್ದ ಕಾರ್ಡುಗಳು; ಗೋಡೆಯ ಮೇಲೆ ಒಂದು ಕಲಿಕಾ ಏಣಿ. ಕೂಲಿಗೆ ಹೊರಟ ಅಮ್ಮನ ಹಿಂದೆಯೋ, ನೆಂಟರ ಮದುವೆಗೋ ಹೋಗಿ ವಾರ ತಪ್ಪಿಸಿಕೊಂಡ ಮಗು, ಬಂದ ದಿನ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. 'ಪಾಠ ಮುಂದೆ ಹೋಯ್ತು, ನೀನು ಹಿಂದೆ ಉಳಿದೆ' ಎಂಬ ಮಾತೇ ಇಲ್ಲ. ಮಕ್ಕಳು ಕೂರುವ ಗುಂಪಿಗೆ ಅಲ್ಲಿ 'ತಟ್ಟೆ' ಎನ್ನುತ್ತಾರೆ. ಒಂದು ತಟ್ಟೆಯಲ್ಲಿ ಶಿಕ್ಷಕಿಯ ಪೂರ್ತಿ ಸಹಾಯ, ಇನ್ನೊಂದರಲ್ಲಿ ಅರ್ಧ, ಮತ್ತೊಂದರಲ್ಲಿ ಗೆಳೆಯರದು, ಕೊನೆಗೆ ಮಗು ತಾನೇ. ಇಲ್ಲಿ ನನಗೆ ಮುಖ್ಯವೆನಿಸುವುದು ಇದು: ಮಗುವಿನ ಪಕ್ಕ ಯಾರು, ಯಾವಾಗ, ಎಷ್ಟು ಹೊತ್ತು ಕೂರಬೇಕು ಎಂಬುದು ನಕ್ಷೆಯಲ್ಲಿಯೇ ಬರೆದಿದೆ. ಕೂರುವವಳ ಶ್ರಮಕ್ಕೆ ಒಂದು ಹೆಸರಿದೆ, ಒಂದು ಸಂಬಳವೂ ಇದೆ.

ಈ ಅಳತೆಗೋಲು ಹಿಡಿದು ಉಳಿದವನ್ನು ನೋಡಿದರೆ ಚಿತ್ರ ಬೇರೆಯಾಗುತ್ತದೆ. 1975ರ ಆಗಸ್ಟಿನಿಂದ ಒಂದು ವರ್ಷ, ಅಮೆರಿಕದಿಂದ ಎರವಲು ತಂದ ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿ.ವಿ. ಪಾಠ ಬಂತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರವರಿಗೆ. ವರ್ಷ ಮುಗಿಯಿತು, ಎರವಲು ತಂದದ್ದನ್ನು ಹಿಂದಿರುಗಿಸಿದರು. 2004ರಲ್ಲಿ ನಮ್ಮದೇ ಎಜುಸ್ಯಾಟ್ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮೂಡಿತು. 2010ರಲ್ಲಿ ಅದರ ಆಯುಷ್ಯವೂ ಮುಗಿಯಿತು. ಇವನ್ನು ನಾನು ಹಗುರ ಮಾಡುತ್ತಿಲ್ಲ, ಟಿ.ವಿ.ಯನ್ನೇ ಕಾಣದ ಊರಿಗೆ ಅದು ಸಣ್ಣ ಸಂಗತಿಯಲ್ಲ. ಆದರೆ ಆಕಾಶದಿಂದ ಬಂದ ಪಾಠಕ್ಕೆ ಮೂರನೇ ಸಾಲಿನ ಹುಡುಗಿಯ ಮುಖ ಕಾಣುವುದಿಲ್ಲ. ಅವಳಿಗೆ ತಿಳಿಯಲಿಲ್ಲವೆಂದು ಕಂಡವಳು ಪಕ್ಕದಲ್ಲಿ ನಿಂತ ಟೀಚರು ಮಾತ್ರ.

ಮುಖ ಕಾಣದ ಈ ಕೊರತೆಯನ್ನು ತುಂಬುತ್ತೇವೆಂದೇ ಈಗಿನ ಆ್ಯಪುಗಳು ಬಂದಿವೆ. ಮಗು ಒಂದು ಉತ್ತರ ಒತ್ತಿದರೆ ನಕ್ಷತ್ರ ಉದುರುತ್ತದೆ, ಚಪ್ಪಾಳೆ ಕೇಳುತ್ತದೆ, ಮುಂದಿನ ಪ್ರಶ್ನೆ ಬರುತ್ತದೆ. ಇದೇನೂ ಹೊಸದಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಸ್ಕಿನ್ನರ್ 1953ರಲ್ಲಿ ತನ್ನ ಮಗಳ ಗಣಿತದ ತರಗತಿ ನೋಡಿ ಬೇಸರಗೊಂಡು, ಒಂದು ಉತ್ತರ ಸರಿಯಾದ ಮೇಲೆಯೇ ಮುಂದಿನ ಪ್ರಶ್ನೆ ತೋರುವ ಕಲಿಕೆಯ ಯಂತ್ರ ಮಾಡಿದ. ಸಣ್ಣ ಮೆಟ್ಟಿಲು, ತನ್ನ ವೇಗ ಎಂಬ ವಿಚಾರದಲ್ಲಿ ಅದಕ್ಕೂ ನಲಿ-ಕಲಿಯ ಏಣಿಗೂ ದೂರದ ನೆಂಟಸ್ತಿಕೆ ಇದೆ. ಸೋಲುವುದು ಮಗು ತಪ್ಪಿದಾಗ. ತಪ್ಪು ಎಂಬುದು ಯಂತ್ರಕ್ಕೆ ಗೊತ್ತು. ಮೇಲಿನ ಸಾಲಿನಿಂದ ಹತ್ತು ಕಡ ತರುವುದನ್ನು ಮರೆತಿತೋ, ಪ್ರಶ್ನೆಯ ಇಂಗ್ಲಿಷೇ ತಿಳಿಯಲಿಲ್ಲವೋ, ಹಸಿವಾಗಿತ್ತೋ ಎಂಬುದು ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ. ಮನೆಗೆ ಆ್ಯಪ್ ಮಾರಲು ಬಂದ ಹುಡುಗನೊಬ್ಬನನ್ನು ನಾನು ಇದನ್ನೇ ಕೇಳಿದೆ. ಟೈ ಸರಿಮಾಡಿಕೊಳ್ಳುತ್ತ ಅವನು, "ಅದಕ್ಕೆ ಮನೇಲಿ ಮಮ್ಮಿ ಇರ್ತಾರಲ್ಲ ಮೇಡಂ" ಎಂದ. 'ಮಗು ತಾನೇ ಕಲಿಯುತ್ತದೆ' ಎಂದು ಅವನ ಕೈಯ ಹಾಳೆಯಲ್ಲೇ ಅಚ್ಚಾಗಿತ್ತು!

ಈ ಮಮ್ಮಿಯನ್ನು ಲೆಕ್ಕಕ್ಕಿಡದೆ ಲೆಕ್ಕ ಹಾಕುವುದು ಎಷ್ಟು ದೂರ ಹೋಗಬಹುದೆಂದು 2020ರಲ್ಲಿ ಕಂಡೆವು. ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಜೂನಿನಲ್ಲಿ ನಮ್ಮ ಸರ್ಕಾರ ಐದನೇ ತರಗತಿಯವರೆಗೆ ಆನ್‌ಲೈನ್ ಪಾಠ ಬೇಡವೆಂದಿತು, ಜುಲೈನಲ್ಲಿ ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಮಕ್ಕಳ ಕಣ್ಣಿನ ಬಗ್ಗೆ, ಕಲಿಯುವ ಹಕ್ಕಿನ ಬಗ್ಗೆ, ಫೀಸಿನ ಬಗ್ಗೆ ಬಹಳ ಚರ್ಚೆಯಾಯಿತು. ಅಮ್ಮಂದಿರ ಸಮಯದ ಬಗ್ಗೆ ಮಾತು ನನ್ನ ಕಿವಿಗೆ ಬಿದ್ದದ್ದು ಅಪರೂಪ. ನನ್ನ ತಂಗಿಯ ಮಗಳು ಬ್ಯಾಂಕಿನಲ್ಲಿ ಕೆಲಸದವಳು. ಬೆಳಿಗ್ಗೆ ಕುಕ್ಕರಿನ ಸೀಟಿ ಎಣಿಸುತ್ತ ಲಿಂಕ್ ಒತ್ತಿ ಮಗನನ್ನು ಕೂರಿಸಬೇಕು. ಸಂಜೆ ಬಂದು ನೋಟ್ಸಿನ ಪುಟಗಳ ಫೋಟೊ ತೆಗೆದು ಗ್ರೂಪಿಗೆ ಹಾಕಬೇಕು. "ದೊಡ್ಡಮ್ಮ, ಎರಡನೇ ಕ್ಲಾಸು ಓದ್ತಿರೋದು ಅವನಲ್ಲ, ನಾನು" ಎನ್ನುತ್ತಿದ್ದಳು. 'ಪೇರೆಂಟ್ಸ್ ದಯವಿಟ್ಟು ಗಮನಿಸಿ' ಎಂದು ಬರುತ್ತಿದ್ದ ಸಂದೇಶದಲ್ಲಿ ಪೇರೆಂಟ್ಸ್ ಎಂದರೆ ಯಾರೆಂದು ಆ ಗ್ರೂಪಿನ ಅಪ್ಪಂದಿರಿಗೂ ಗೊತ್ತಿತ್ತು.

ಇವಳಿಗಾದರೂ ಸ್ವಂತದ ಫೋನಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು ನೂರಕ್ಕೆ 54 ಮಾತ್ರ. ನಮ್ಮ ಮನೆಗೆ ಕೆಲಸಕ್ಕೆ ಬರುವವಳ ಮನೆಯಲ್ಲಿ ಇದ್ದದ್ದು ಒಂದೇ ಫೋನು. ಅದು ಗಂಡನ ಜೇಬಿನಲ್ಲಿ ಹೊರಟು ರಾತ್ರಿ ಮನೆ ಸೇರುತ್ತಿತ್ತು. ಆಮೇಲೆ ಮೊದಲ ಸರದಿ ಮಗನದು. ಮಗಳ ಸರದಿ ಬರುವ ಹೊತ್ತಿಗೆ ಡಾಟಾ ಮುಗಿದಿರುತ್ತಿತ್ತು, ಇಲ್ಲವೇ ಅವಳಿಗೆ ಪಾತ್ರೆ ಕಾದಿರುತ್ತಿತ್ತು. ಆ ಆಗಸ್ಟಿನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರು ವಿದ್ಯಾಗಮ ಎಂದು ಗುಡಿಯ ಜಗಲಿಗೆ, ಮರದ ನೆರಳಿಗೆ ಬಂದು ಪಾಠ ಹೇಳಿದಾಗ ಆ ಹುಡುಗಿಗೆ ಮತ್ತೆ ಪುಸ್ತಕ ಸಿಕ್ಕಿತು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು.

ಹಾಗೆಂದು ನಲಿ-ಕಲಿ ಚಿನ್ನವೆಂದು ನಾನು ಹೇಳಲಾರೆ. ಒಂದು ತಾಲ್ಲೂಕಿನ ಶಿಕ್ಷಕರು ಪ್ರೀತಿಯಿಂದ ಮಾಡಿಕೊಂಡದ್ದು 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಆದೇಶವಾಗಿ ಹೋಯಿತು. ಮೂರು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಬ್ಬಳೇ ಶಿಕ್ಷಕಿಗೆ ದಾಖಲೆಗಳ ಕಟ್ಟು ಒಪ್ಪಿಸಿದರೆ ಏಣಿ ಗೋಡೆಯ ಅಲಂಕಾರವಾಗಿ ಉಳಿಯುತ್ತದೆ. 'ಬರೀ ಆಟ ಆಡಿಸ್ತಾರೆ' ಎಂದು ಮಗುವನ್ನು ಬಿಡಿಸಿ ಇಂಗ್ಲಿಷ್ ಶಾಲೆಗೆ ಹಾಕಿದವರು ನಮ್ಮ ಬೀದಿಯಲ್ಲೇ ಇದ್ದಾರೆ. ಅವರ ಮಗು ಈಗ ಮೊಬೈಲಿನಲ್ಲಿ ಅದೇ ಆಟವನ್ನು ದುಡ್ಡು ಕೊಟ್ಟು ಆಡುತ್ತದೆ.

ಈಗ ಕೃತಕ ಬುದ್ಧಿಮತ್ತೆಯ ಸರದಿ. ಕೇಳಿದ್ದಕ್ಕೆಲ್ಲ ತಾಳ್ಮೆಯಿಂದ, ಕನ್ನಡದಲ್ಲೇ ಉತ್ತರಿಸುವ ಟೀಚರಮ್ಮ ಫೋನಿನೊಳಗೇ ಬಂದಿದ್ದಾಳೆ. ಈ ತಂತ್ರಜ್ಞಾನವೆಲ್ಲ ಯಾರ ಷರತ್ತಿನ ಮೇಲೆ ಎಂದು ಯುನೆಸ್ಕೊ 2023ರ ತನ್ನ ವರದಿಯ ಶೀರ್ಷಿಕೆಯಲ್ಲೇ ಕೇಳಿತು. ಮುಂದಿನ ಪೋಷಕರ ಸಭೆಯಲ್ಲಿ ಹೊಸ ಆ್ಯಪಿನ ಫೀಸು ಕಟ್ಟಿರೆಂದು ಚೀಟಿ ಕೊಟ್ಟರೆ ನೀವು ಇಷ್ಟು ಕೇಳಿ ನೋಡಿ: ಮಗು ತಪ್ಪಿದಾಗ ಪಕ್ಕದಲ್ಲಿ ಯಾರು ಕೂರುತ್ತಾರೆ? ಶಾಲೆಯಲ್ಲಾದರೆ ಯಾವ ಟೀಚರು, ಯಾವ ಪೀರಿಯಡಿನಲ್ಲಿ? ಮನೆಯಲ್ಲಾದರೆ, ಎಷ್ಟು ಗಂಟೆಗೆ?