ಚಿತ್ರದ ಒಗಟೂ ಮಕ್ಕಳ ಇಂಗ್ಲಿಷೂ

ಮಕ್ಕಳಿಗೆ ಇಂಗ್ಲಿಷು ಶಬ್ದಗಳನ್ನು ಕಲಿಸುವ ಉದ್ದೇಶದಿಂದ ಅಚ್ಚಾಗಿ ಬರುತ್ತಿರುವ ಚಿತ್ರಪದಬಂಧಗಳನ್ನು ಕಾಣದ ವಿದ್ಯಾವಂತರ ಮನೆ ಈಗ ವಿರಳವೆಂದೇ ಹೇಳಬೇಕು. ಒಂದು ಹಾಳೆ, ಅದರಲ್ಲಿ ಅಡ್ಡಕ್ಕೂ ಉದ್ದಕ್ಕೂ ಎಳೆದ ಗೆರೆಗಳಿಂದಾದ ಮನೆಗಳು, ಸುತ್ತಲೂ ಹಸು, ಕೊಡೆ, ದೀಪ, ಏಣಿ ಮೊದಲಾದುವುಗಳ ಚಿತ್ರಗಳು. ಚಿತ್ರವನ್ನು ನೋಡಿ ಅದರ ಇಂಗ್ಲಿಷು ಹೆಸರನ್ನು ಮನೆಗೊಂದು ಅಕ್ಷರದಂತೆ ತುಂಬತಕ್ಕದ್ದು. 2007ರಲ್ಲಿ ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಮೊದಲಾದ ಮೇಲೆ ಇಂತಹ ಸಾಮಗ್ರಿಯನ್ನು ಬಯಸುವ ತಾಯಿತಂದೆಗಳು ಹಳ್ಳಿಗಳಲ್ಲಿಯೂ ಕಾಣಸಿಗುತ್ತಾರೆ. ಕೊಳ್ಳುವವರು ಬಹಳ, ಪರೀಕ್ಷಿಸಿ ನೋಡುವವರು ಸ್ವಲ್ಪ. ಕಾವ್ಯವನ್ನು ಒರೆಗಲ್ಲಿಗೆ ಹಚ್ಚುವಂತೆ ಇದನ್ನೂ ಹಚ್ಚಿ ನೋಡುವುದು ಅನುಚಿತವಾಗಲಾರದೆಂದು ಈ ಲೇಖನಕ್ಕೆ ಕೈಹಾಕಿದ್ದೇನೆ.

ನೆರೆಮನೆಯ ಹುಡುಗಿಯೊಬ್ಬಳು ಮೂರನೆಯ ತರಗತಿಯಲ್ಲಿ ಓದುತ್ತಿರುವಳು. ತಾನು ತುಂಬಿದ ಹಾಳೆಯನ್ನು ಒಂದು ಸಂಜೆ ನನಗೆ ತೋರಿಸಲು ತಂದಳು. ಹನ್ನೆರಡು ಚಿತ್ರಗಳಲ್ಲಿ ಹನ್ನೊಂದು ಸರಿ. ತಪ್ಪಿದ್ದು ಒಂದೇ: ನೀರಿನ ಮೇಲೆ ತೇಲುವ ನೌಕೆಯ ಚಿತ್ರಕ್ಕೆ ಅವಳು ‘ಬೋಟ್’ ಎಂದು ಬರೆದಿದ್ದಳು, ಹಾಳೆಯನ್ನು ರಚಿಸಿದವರಿಗೆ ಬೇಕಾಗಿದ್ದುದು ‘ಶಿಪ್’. ಇಂಗ್ಲಿಷಿನಲ್ಲಿ ಎರಡಕ್ಕೂ ನಾಲ್ಕು ನಾಲ್ಕೇ ಅಕ್ಷರಗಳು. ಚಿತ್ರವೋ ಅಂಗುಷ್ಠಮಾತ್ರ, ಅದು ದೋಣಿಯೋ ಹಡಗೋ ಎಂದು ನನಗೂ ನಿಶ್ಚಯವಾಗಲಿಲ್ಲ. ಮಗು ಸೋತದ್ದು ಶಬ್ದವನ್ನರಿಯದೆ ಅಲ್ಲ, ಚಿತ್ರಕಾರನ ಮನಸ್ಸನ್ನರಿಯದೆ. ಅದಿರಲಿ, ಅವಳು ಸರಿಯಾಗಿ ತುಂಬಿದ್ದ ಹಸುವಿನ ಚಿತ್ರದ ಮೇಲೆ ಬೆರಳಿಟ್ಟು, ಹಸು ಎಲ್ಲಿದೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವಳು ‘ಕೌ’ ಎಂದಳು. ಮತ್ತೊಮ್ಮೆ ಕೇಳಿದೆ, ಮತ್ತೆ ‘ಕೌ’ ಎಂದಳು, ಈ ಸಲ ಮೆಲ್ಲಗೆ. ಕನ್ನಡದಲ್ಲಿ ಕೇಳಿದೊಡನೆ, “ಮರದ ಕೆಳಗೆ ನಿಂತಿದೆ ತಾತ, ಹುಲ್ಲಿದ್ದರೂ ತಿನ್ನುತ್ತಿಲ್ಲ” ಎಂದು ಚಿತ್ರಕಾರನೇ ಗಮನಿಸಿರದ ಸಂಗತಿಯನ್ನೂ ಸೇರಿಸಿ ಹೇಳಿದಳು. ಈ ಎರಡು ಉತ್ತರಗಳ ನಡುವಣ ದೂರವೇ ನಮ್ಮ ವಿಚಾರದ ವಸ್ತು.

ಒಗಟೆಂಬುದು ನಮಗೆ ಹೊಸದಲ್ಲ. ಕಾಮಸೂತ್ರದ ಅರುವತ್ತುನಾಲ್ಕು ಕಲೆಗಳ ಪಟ್ಟಿಯಲ್ಲಿ ಪ್ರಹೇಳಿಕೆಗೂ ಸ್ಥಾನವುಂಟು. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಹದಿನಾರು ವಿಧದ ಪ್ರಹೇಳಿಕೆಗಳನ್ನು ವಿವರಿಸಿ, ಅವುಗಳಿಗೆ ಮೂರು ಪ್ರಯೋಜನಗಳನ್ನು ಹೇಳುವನು: ಗೋಷ್ಠಿಗಳಲ್ಲಿ ವಿನೋದ, ಜನಸಂದಣಿಯಲ್ಲಿ ಬಲ್ಲವರೊಡನೆ ಗುಟ್ಟಿನ ಮಾತು, ಇತರರನ್ನು ತಬ್ಬಿಬ್ಬುಗೊಳಿಸುವುದು. ಸಾಹಿತ್ಯದರ್ಪಣಕಾರನಾದ ವಿಶ್ವನಾಥನಂತೂ ಪ್ರಹೇಳಿಕೆಯು ರಸಕ್ಕೆ ಅಡ್ಡಿಯಾದುದರಿಂದ ಅಲಂಕಾರವೇ ಅಲ್ಲವೆಂದು ತಳ್ಳಿಹಾಕಿದನು. ಭಾಷೆಯನ್ನು ಕಲಿಸುವುದು ಒಗಟಿನ ಪ್ರಯೋಜನವೆಂದು ದಂಡಿ ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ಒಗಟು ಭಾಷೆಯನ್ನು ಬಲ್ಲವರ ಆಟ. ಭಾಷೆಯನ್ನು ಅರಿಯದವರಿಗೆ ಅದು ಕಲಿಕೆಯ ಸಾಧನವಾಗಬೇಕಾದರೆ ಏನನ್ನೋ ಕೂಡಿಸಬೇಕಾಗುವುದು. ಆ ಕೂಡಿಸತಕ್ಕದ್ದು ಯಾವುದೆಂಬುದೇ ಪ್ರಶ್ನೆ.

ಮೊದಲು ಗುಣವನ್ನು ಹೇಳುವುದು ನ್ಯಾಯ. ಚಿತ್ರದೊಡನೆ ಕೂಡಿದ ಶಬ್ದವು ಬರಿಯ ಶಬ್ದಕ್ಕಿಂತ ಹೆಚ್ಚು ಗಟ್ಟಿಯಾಗಿ ಮನಸ್ಸಿನಲ್ಲಿ ನಿಲ್ಲುವುದೆಂಬ ಅನುಭವಕ್ಕೆ ಕೆನಡಾ ದೇಶದ ಮನಶ್ಶಾಸ್ತ್ರಜ್ಞ ಆಲನ್ ಪೈವಿಯೊ ಎಂಬವರು 1971ರ ತಮ್ಮ ಗ್ರಂಥದಲ್ಲಿ ಶಾಸ್ತ್ರದ ಆಧಾರವನ್ನು ಒದಗಿಸಿದರು. ಕಣ್ಣಿಗೊಂದು, ಮಾತಿಗೊಂದು, ಹೀಗೆ ಎರಡು ದಾರಿಗಳಿಂದ ಒಳಹೊಕ್ಕುದು ಎರಡು ದಾರಿಗಳಿಂದಲೂ ಹೊರಬರಬಲ್ಲುದು. ಓದಿದ್ದನ್ನೇ ಮರಳಿ ಓದುವುದಕ್ಕಿಂತ ಪುಸ್ತಕವನ್ನು ಮುಚ್ಚಿ ನೆನೆದು ಹೇಳುವುದರಿಂದ ಜ್ಞಾಪಕವು ಹೆಚ್ಚು ಕಾಲ ಉಳಿಯುವುದೆಂಬುದನ್ನು 2006ರಲ್ಲಿ ಅಮೆರಿಕೆಯ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ಪ್ರಯೋಗಗಳಿಂದ ತೋರಿಸಿದರು. ಪದಬಂಧವು ಮಗುವಿನಿಂದ ಮಾಡಿಸುವುದು ಈ ಕೆಲಸವನ್ನೇ. ಶಬ್ದಗಳ ಪಟ್ಟಿಯನ್ನು ಗೋಡೆಗೆ ತೂಗುಹಾಕಿ ಮಕ್ಕಳಿಂದ ಕಂಠಪಾಠ ಮಾಡಿಸಿದವರಲ್ಲಿ ನಾನೂ ಒಬ್ಬನು; ಆ ಪಟ್ಟಿಗಿಂತ ಈ ಹಾಳೆ ಉತ್ತಮವೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ಹಣ್ಣುಗಳು, ಮೃಗಗಳು, ಅಡಿಗೆಯ ಪಾತ್ರೆಗಳು ಎಂದು ವರ್ಗ ವರ್ಗವಾಗಿ ಹಾಳೆಗಳನ್ನು ರಚಿಸುವ ಕ್ರಮವು ಅಮರಕೋಶದ ವನೌಷಧಿವರ್ಗ, ಸಿಂಹಾದಿವರ್ಗಗಳನ್ನು ಬಾಯಿಪಾಠ ಮಾಡಿದವರಿಗೆ ಪರಿಚಿತವೇ ಆಗಿದೆ. ಆದರೆ ಅಮರವನ್ನು ಕಲಿತ ಬಾಲಕನು ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಗುರುಗಳು ರಘುವಂಶವನ್ನು ಕೈಯಲ್ಲಿ ಕೊಟ್ಟು ಅನ್ವಯ ಮಾಡಿಸುತ್ತಿದ್ದರು. ಕೋಶದಲ್ಲಿ ಮಲಗಿದ್ದ ಶಬ್ದವು ಶ್ಲೋಕದಲ್ಲಿ ಎದ್ದು ನಡೆಯುತ್ತಿತ್ತು.

ಇನ್ನು ದೋಷಗಳು. ಮೊದಲನೆಯದು ಚಿತ್ರದ ಸಂದಿಗ್ಧತೆ. ಜಾತಿಶಬ್ದ, ಗುಣಶಬ್ದ, ಕ್ರಿಯಾಶಬ್ದ, ಯದೃಚ್ಛಾಶಬ್ದ ಎಂದು ಶಬ್ದಗಳ ಪ್ರವೃತ್ತಿಯು ನಾಲ್ಕು ಬಗೆಯೆಂದು ಮಹಾಭಾಷ್ಯಕಾರರು ಹೇಳಿದುದನ್ನು ಕಾವ್ಯಪ್ರಕಾಶದಲ್ಲಿ ಮಮ್ಮಟನು ಎತ್ತಿಕೊಂಡಿರುವನು. ಎದುರಿಗಿರುವುದು ಒಂದೇ ವ್ಯಕ್ತಿ; ಅದನ್ನು ಹಸುವೆನ್ನಬಹುದು, ಬಿಳಿದೆನ್ನಬಹುದು, ನಡೆಯುವುದೆನ್ನಬಹುದು, ಗೌರಿಯೆಂದು ಹೆಸರಿಟ್ಟೂ ಕರೆಯಬಹುದು. ಹಾಳೆಯ ಮೇಲಿನ ಚಿತ್ರವು ವ್ಯಕ್ತಿಯನ್ನು ಮಾತ್ರ ತೋರಿಸಬಲ್ಲುದು; ಯಾವ ಶಬ್ದ ಬೇಕೆಂಬುದನ್ನು ತೋರಿಸಲಾರದು. ಅದನ್ನು ತಿಳಿಸುವ ಭಾರವು ಮನೆಗಳ ಸಂಖ್ಯೆಯ ಮೇಲೆ ಬೀಳುತ್ತದೆ. ಮೂರು ಮನೆಗಳಿದ್ದರೆ ‘ಕೌ’, ಆರಿದ್ದರೆ ‘ಆನಿಮಲ್’, ಐದಿದ್ದರೆ ‘ವೈಟ್’ ಎಂದೂ ಆಗಬಹುದು, ‘ಸ್ಟ್ಯಾಂಡ್’ ಎಂದೂ ಆಗಬಹುದು. ಈ ತೊಡಕನ್ನು ತಪ್ಪಿಸಲು ರಚನಕಾರರು ಹಿಡಿದಿರುವ ಉಪಾಯವೆಂದರೆ ಜಾತಿಶಬ್ದಗಳನ್ನು ಬಿಟ್ಟು ಉಳಿದುವನ್ನು ಮುಟ್ಟದಿರುವುದು. ಹೀಗಾಗಿ ಹತ್ತು ಹಾಳೆಗಳನ್ನು ತುಂಬಿದ ಮಗುವಿಗೆ ನೂರು ವಸ್ತುಗಳ ಹೆಸರು ಬರುವುದು. ಬಾ, ಹೋಗು, ಕೊಡು, ಇಡು ಎಂಬ ನಾಲ್ಕು ಕ್ರಿಯಾಪದಗಳು ಬಾರವು.

ಎರಡನೆಯದು ಅಕ್ಷರಕ್ಕೂ ಧ್ವನಿಗೂ ಇರುವ ವಿರೋಧ. ಕನ್ನಡದ ಪದಬಂಧದಲ್ಲಿ ಒಂದು ಮನೆಗೆ ಒಂದು ಅಕ್ಷರವೆಂದರೆ ಒಂದು ಉಚ್ಚಾರ. ‘ಆನೆ’ಗೆ ಎರಡು ಮನೆ, ಬಾಯಿಯೂ ಎರಡು ಸಲವೇ ತೆರೆಯುವುದು. ಇಂಗ್ಲಿಷಿನ ‘ಎಲಿಫೆಂಟ್’ ಎಂಬುದಕ್ಕೆ ಎಂಟು ಮನೆಗಳು ಬೇಕು. ಅದರಲ್ಲಿ ‘ಫ’ಕಾರ ಒಂದಕ್ಕೇ ಪಿ ಮತ್ತು ಎಚ್ ಎಂಬ ಎರಡು. ಚಾಕುವಿನ ಚಿತ್ರಕ್ಕೆ ‘ನೈಫ್’ ಎಂದು ಬರೆಯುವಾಗ ಮೊದಲನೆಯ ಮನೆಯಲ್ಲಿ ಕುಳಿತ ಕೆ ಎಂಬ ಅಕ್ಷರವು ಬಾಯಿಗೆ ಬರುವುದೇ ಇಲ್ಲ. ‘ಕ್ಯಾಟ್’ ಅಡ್ಡಕ್ಕೂ ‘ಸಿಟಿ’ ಉದ್ದಕ್ಕೂ ಒಂದೇ ಮನೆಯಿಂದ ಹೊರಟರೆ ಆ ಮನೆಯ ಸಿ ಎಂಬ ಅಕ್ಷರವು ಅಡ್ಡಕ್ಕೆ ‘ಕ’ಕಾರ, ಉದ್ದಕ್ಕೆ ‘ಸ’ಕಾರ. ಹತ್ತಿರ ಕುಳಿತು ಗಟ್ಟಿಯಾಗಿ ಉಚ್ಚರಿಸಿ ತೋರಿಸುವವರಿದ್ದರೆ ಇದೇ ಒಂದು ಸೊಗಸಾದ ಪಾಠವಾಗುವುದು. ಮಗುವನ್ನು ಹಾಳೆಯೊಡನೆ ಒಂಟಿಯಾಗಿ ಬಿಟ್ಟರೆ ಶಬ್ದದ ರೂಪವು ಕಣ್ಣಿಗೆ ಬಂದೀತು, ಕಿವಿಗೆ ಬಾರದು. ಹೆಚ್ಚಿನ ಮನೆಗಳಲ್ಲಿ ಈ ಹಾಳೆಗಳನ್ನು ಕೊಳ್ಳುವುದು ಮಗು ತನ್ನ ಪಾಡಿಗೆ ತಾನು ಕುಳಿತಿರಲೆಂದೇ ಅಲ್ಲವೆ?

ಮೂರನೆಯದು ಕಾಣದ ವಸ್ತುವಿನ ಚಿತ್ರ. ಐ ಎಂಬ ಅಕ್ಷರಕ್ಕೆ ಹಿಮದ ಗುಡಿಸಲಾದ ‘ಇಗ್ಲೂ’, ವೈ ಎಂಬುದಕ್ಕೆ ‘ಯಾಕ್’. ಅರಿಯದ ವಸ್ತುವಿಗೆ ಅರಿಯದ ಹೆಸರನ್ನು ಕಟ್ಟಿದರೆ ಮಗುವಿಗೆ ಉಳಿಯುವುದು ಬರಿಯ ನಾದ. ನಮ್ಮ ಮನೆಯಲ್ಲಿಯೇ ಕೊಡ, ಬಿಂದಿಗೆ, ಮಡಕೆ, ಗಡಿಗೆ ಎಂದು ಬೇರೆಬೇರೆಯಾಗಿ ಕರೆಯುವವುಗಳಿಗೆಲ್ಲ ಇಂಗ್ಲಿಷಿನಲ್ಲಿ ‘ಪಾಟ್’ ಎಂಬ ಒಂದು ಮಾತು ಸಾಕಾಗುವುದೆಂದು ಹೇಳಿದರೆ ಮಗು ನಗುವುದು, ನಕ್ಕು ನೆನಪಿಡುವುದು. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಈ ಮೂವರೂ ಅಲ್ಲಿ ‘ಅಂಕಲ್’ ಎಂಬ ಒಂದೇ ಪದದೊಳಗೆ ಅಡಗುವರೆಂಬುದನ್ನು ಯಾವ ಚಿತ್ರವೂ ತೋರಿಸಲಾರದು; ತಾಯಿನುಡಿಯೊಂದೇ ತೋರಿಸಬಲ್ಲುದು. ಇಂಗ್ಲಿಷನ್ನು ಕಲಿಸುವಾಗ ಕನ್ನಡವನ್ನು ಬಾಗಿಲ ಹೊರಗೆ ನಿಲ್ಲಿಸಬೇಕೆಂಬವರು ಇದನ್ನು ಆಲೋಚಿಸಬೇಕು.

ಈ ಮೂರು ದೋಷಗಳಿಗೂ ಮೂಲ ಒಂದೇ: ಹಾಳೆಯಲ್ಲಿ ಪದವಿದೆ, ವಾಕ್ಯವಿಲ್ಲ. ಶಬ್ದದ ಶಕ್ತಿಯನ್ನು ತಿಳಿಯಲು ವ್ಯಾಕರಣ, ಉಪಮಾನ, ಕೋಶ, ಆಪ್ತವಾಕ್ಯ, ವ್ಯವಹಾರ, ವಾಕ್ಯಶೇಷ, ವಿವರಣೆ, ಪ್ರಸಿದ್ಧಪದದ ಸಾನ್ನಿಧ್ಯ ಎಂದು ಎಂಟು ದಾರಿಗಳನ್ನು ನಮ್ಮ ಶಾಸ್ತ್ರಕಾರರು ಎಣಿಸಿದ್ದಾರೆ. ಇವುಗಳಲ್ಲಿ ಬಾಲಕನಿಗೆ ಮೊದಲು ತೆರೆಯುವುದು ವ್ಯವಹಾರ. ಹಿರಿಯನೊಬ್ಬನು ಮತ್ತೊಬ್ಬನಿಗೆ ಹಸುವನ್ನು ತಾ ಎನ್ನುವನು, ಅವನು ತರುವನು. ಹಸುವನ್ನು ಕಟ್ಟು ಎನ್ನುವನು, ಕಟ್ಟುವನು. ಕುದುರೆಯನ್ನು ತಾ ಎನ್ನುವನು. ಬೇರೊಂದು ಪ್ರಾಣಿ ಬರುವುದು. ಹತ್ತಿರದಲ್ಲಿ ನಿಂತು ನೋಡುವ ಬಾಲಕನು ಒಂದು ಪದ ಹೋಗಿ ಇನ್ನೊಂದು ಬಂದಾಗ ಏನು ಬದಲಾಯಿತೆಂಬುದನ್ನು ಕಂಡು ಒಂದೊಂದು ಪದದ ಅರ್ಥವನ್ನೂ ಬೇರ್ಪಡಿಸಿಕೊಳ್ಳುವನು. ಮೀಮಾಂಸಕರು ಇದಕ್ಕೆ ಆವಾಪೋದ್ವಾಪವೆಂದು ಹೆಸರಿಟ್ಟರು. ಪದಗಳು ಮೊದಲು ತಮ್ಮ ತಮ್ಮ ಅರ್ಥವನ್ನು ಹೇಳಿ ಆಮೇಲೆ ಕೂಡುವುವೆಂದು ಭಾಟ್ಟರು. ಕೂಡಿದ ಅರ್ಥವನ್ನೇ ಹೇಳುವುವೆಂದು ಪ್ರಾಭಾಕರರು. ಪದಬಂಧದ ರಚನಕಾರರು ಭಾಟ್ಟರ ಪಕ್ಷದ ಪೂರ್ವಾರ್ಧವನ್ನು ಹಿಡಿದುಕೊಂಡು ಉತ್ತರಾರ್ಧವನ್ನು ಮರೆತವರೆಂದು ತೋರುತ್ತದೆ.

ಚಿತ್ರದಿಂದ ಕಲಿಸುವ ಪದ್ಧತಿಯು ಯೂರೋಪಿನಲ್ಲಿ ಹುಟ್ಟಿದಾಗ ಹೀಗಿರಲಿಲ್ಲ. ಮೊರೇವಿಯಾ ದೇಶದ ಕೊಮೇನಿಯಸನು 1658ರಲ್ಲಿ ನ್ಯೂರೆಂಬರ್ಗಿನಲ್ಲಿ ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳ ಸಚಿತ್ರ ಬಾಲಬೋಧೆಯನ್ನು ಪ್ರಕಟಿಸಿದನು. ಮರುವರ್ಷವೇ ಚಾರ್ಲ್ಸ್ ಹೂಲನು ಅದನ್ನು ಇಂಗ್ಲಿಷಿಗೆ ತಂದನು. ಅದರಲ್ಲಿ ಸುಮಾರು 150 ಪಾಠಗಳು. ಚಿತ್ರದೊಳಗಿನ ಒಂದೊಂದು ವಸ್ತುವಿಗೂ ಒಂದೊಂದು ಅಂಕೆ. ಆ ಅಂಕೆ ಮತ್ತೆ ಕಾಣಿಸಿಕೊಳ್ಳುವುದು ಕೆಳಗಿನ ವಾಕ್ಯದಲ್ಲಿ, ಆ ವಸ್ತು ಏನು ಮಾಡುತ್ತದೆಂದು ಹೇಳುವಲ್ಲಿ. ಅಕ್ಷರಮಾಲೆಯನ್ನು ಕಲಿಸುವಾಗಲೂ ಅವನು ಕಾಗೆಯ ಕೂಗು, ಕುರಿಮರಿಯ ಕೂಗುಗಳಿಂದ ಆರಂಭಿಸಿ ಮೊದಲು ಕಿವಿಯನ್ನು ತಿದ್ದಿದನು. 1788ರಲ್ಲಿ ಅಮೆರಿಕೆಯ ವೂಸ್ಟರ್ ಪಟ್ಟಣದಲ್ಲಿ ಐಸೇಯ ಥಾಮಸನು ಮಕ್ಕಳಿಗಾಗಿ ಅಚ್ಚುಹಾಕಿದ ಚಿತ್ರಬೈಬಲಿನಲ್ಲಿ ವಾಕ್ಯಗಳ ನಡುವಿನ ಕೆಲವು ಪದಗಳನ್ನು ತೆಗೆದು ಅಲ್ಲಿ ಚಿತ್ರಗಳನ್ನಿಟ್ಟಿದ್ದನು. ಅದೂ ಚಿತ್ರದ ಒಗಟೇ; ಆದರೆ ವಾಕ್ಯವು ಮಗುವಿನ ಕೈಹಿಡಿದು ಪದದ ಬಳಿಗೆ ಕರೆದೊಯ್ಯುತ್ತಿತ್ತು. ಪದಬಂಧವಾದರೋ 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಒಂದು ವೃತ್ತಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬವನು ದೊಡ್ಡವರ ವಿನೋದಕ್ಕಾಗಿ ಪ್ರಕಟಿಸಿದ ಆಟದ ಸಂತಾನ. ಅದರಲ್ಲಿ ಮಾತಿನ ಸುಳಿವಾದರೂ ಇದ್ದಿತು. ಮಾತಿನ ಸುಳಿವನ್ನು ತೆಗೆದು ಚಿತ್ರವನ್ನಿಟ್ಟಾಗ ಇದ್ದ ಅಲ್ಪಸ್ವಲ್ಪ ಭಾಷೆಯೂ ಹಾಳೆಯಿಂದ ಹೊರಟುಹೋಯಿತು.

ಹಾಗೆಂದು ಹಾಳೆಯನ್ನು ಹರಿದೆಸೆಯಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಅದಕ್ಕೊಂದು ಉತ್ತರಾರ್ಧವನ್ನು ಕೂಡಿಸಬೇಕು. ಎಂಟೇ ಚಿತ್ರಗಳಿರಲಿ, ಎಂಟೂ ಮನೆಯಲ್ಲಿರುವ ವಸ್ತುಗಳಾಗಿರಲಿ. ಮೊದಲು ಕನ್ನಡದ ಹೆಸರು, ಅನಂತರ ಇಂಗ್ಲಿಷಿನದು, ಎರಡೂ ಬಾಯಿಂದ. ತರುವಾಯ ಮಗು ಮನೆಗಳನ್ನು ತುಂಬಲಿ. ತುಂಬಿದ ಮೇಲೆ ಹಾಳೆಯನ್ನು ಮಡಿಸಿಟ್ಟು ಮಾತು ಮೊದಲಾಗಲಿ: ‘ಬ್ರಿಂಗ್ ದ ಪಾಟ್’, ‘ಫಿಲ್ ದ ಪಾಟ್’, ‘ಬ್ರಿಂಗ್ ದ ಲ್ಯಾಂಪ್’. ಮಗು ಎದ್ದು ಹೋಗಿ ಮಾಡಲಿ. ಮರುದಿನ ಮಗುವೇ ಹೇಳಲಿ, ದೊಡ್ಡವರು ಮಾಡಲಿ. ಅಪ್ಪಣೆಯನ್ನು ಕೇಳಿ ಮೈಯಿಂದ ನಡೆಸಿ ಭಾಷೆಯನ್ನು ಕಲಿಯುವ ಕ್ರಮವನ್ನು 1960ರ ದಶಕದಲ್ಲಿ ಅಮೆರಿಕೆಯ ಜೇಮ್ಸ್ ಆಶರ್ ಎಂಬವರು ಹೊಸ ಪದ್ಧತಿಯಾಗಿ ನಿರೂಪಿಸಿದರು. ಮೀಮಾಂಸೆಯನ್ನು ಓದಿದವರಿಗೆ ಅದು ಹಳೆಯ ಗೆಳೆಯನಂತೆ ಕಾಣದಿರದು. ಇಂತಹ ವಾಕ್ಯಗಳು ಕಿವಿಗೆ ಪಳಗಿದ ಬಳಿಕ ಪದದ ಸ್ಥಾನದಲ್ಲಿ ಚಿತ್ರವನ್ನಿಟ್ಟು ವಾಕ್ಯವನ್ನು ಬರೆದುಕೊಟ್ಟರೆ ಮಗು ಒಗಟನ್ನೂ ಬಿಡಿಸುವುದು, ವಾಕ್ಯವನ್ನೂ ಓದುವುದು. ಇದಕ್ಕೆ ಬೇಕಾದುದು ದಿನಕ್ಕೆ ಕಾಲು ಗಂಟೆ, ಹತ್ತಿರ ಕೂರುವ ಒಬ್ಬ ಹಿರಿಯ. ಆ ಹಿರಿಯನ ಇಂಗ್ಲಿಷು ಅಲ್ಪವಾಗಿದ್ದರೂ ಬಾಧೆಯಿಲ್ಲ. ನಡುವಯಸ್ಸಿನಲ್ಲಿ ಕಷ್ಟಪಟ್ಟು ಕಲಿತ ನನ್ನ ಇಂಗ್ಲಿಷೇ ನೆರೆಮನೆಯ ಹುಡುಗಿಗೆ ಇಷ್ಟು ದಿನ ಸಾಕಾಗಿದೆ.

ಹಾಳೆಯ ಕೊನೆಯಲ್ಲಿ ‘ಎಲ್ಲವೂ ಸರಿ’ ಎಂದು ಬರೆದು ನಕ್ಷತ್ರವನ್ನಿಟ್ಟಾಗ ತಾಯಿತಂದೆಗಳಿಗೆ ಮಗು ಇಂಗ್ಲಿಷು ಕಲಿಯಿತೆಂದು ಸಂತೋಷವಾಗುವುದು ಸಹಜ. ಆ ನಂಬಿಕೆ ಮುರಿಯುವುದು ಮುಂದೆ ತರಗತಿಯಲ್ಲಿ ನಾಲ್ಕು ಜನರ ಮುಂದೆ ಯಾರೋ ಒಂದು ಪ್ರಶ್ನೆ ಕೇಳಿದಾಗ. ಆಗ ತಲೆ ತಗ್ಗಿಸುವುದು ಹಾಳೆಯನ್ನು ರಚಿಸಿದವರಲ್ಲ, ಮಗು. ಹಸುವೆಲ್ಲಿದೆ ಎಂದು ಎರಡನೆಯ ಸಲ ಕೇಳಿದಾಗ ಅವಳ ದನಿ ಇಳಿದುದನ್ನು ನಾನು ಕೇಳಿದ್ದೇನೆ. ಮೊನ್ನೆ ಅದೇ ಹಾಳೆಯನ್ನು ಮತ್ತೆ ತೆಗೆದು ಅದೇ ಪ್ರಶ್ನೆಯನ್ನು ಕೇಳಿದೆ. ‘ಅಂಡರ್ ದ ಟ್ರೀ’ ಎಂದಳು. ಒಂದು ಕ್ಷಣ ತಡೆದು, ‘ನಾಟ್ ಈಟಿಂಗ್’ ಎಂದು ಸೇರಿಸಿದಳು.